ಸೈನ್ಯ ಬಿಟ್ಟ ಮೇಲೆ ವೈದ್ಯಕೀಯ ದಾಖಲೆ: ಎಲ್ಲಿರುತ್ತದೆ, ಪಡೆಯುವುದು ಹೇಗೆ?

ಕಳೆದ ಜಾತ್ರಾ ಮಹೋತ್ಸವದ ಸಂದರ್ಭದಲ್ಲಿ ಶ್ರೀಮಠದ ಆವರಣದಲ್ಲಿ ಏರ್ಪಟ್ಟಿದ್ದ ಉಚಿತ ಆರೋಗ್ಯ ತಪಾಸಣಾ ಶಿಬಿರಕ್ಕೆ ಹಿರಿಯರೊಬ್ಬರು ಬಂದಿದ್ದರು. ತೋಪಖಾನೆಯಲ್ಲಿ 17 ವರ್ಷ ಸೇವೆ ಸಲ್ಲಿಸಿ ಹವಾಲ್ದಾರರಾಗಿ ನಿವೃತ್ತರಾದವರು. ಎರಡೂ ಕಿವಿಗಳು ಮಂದವಾಗಿದ್ದವು. ಜೊತೆಗೆ ಬಂದಿದ್ದ ಮೊಮ್ಮಗ ಕಿವಿಯ ಬಳಿ ಬಾಗಿ ಗಟ್ಟಿಯಾಗಿ ಹೇಳಿದ ಮೇಲೆಯೇ ನಮ್ಮ ಪ್ರಶ್ನೆಗಳು ಅವರಿಗೆ ಮುಟ್ಟುತ್ತಿದ್ದವು. ಸೇವೆಯಲ್ಲಿದ್ದಾಗ ಕಿವಿಯ ಪರೀಕ್ಷೆ ಆಗಿತ್ತೇ ಎಂದು ಕೇಳಿದೆವು. "ಆಗಿತ್ತರೀ. ಎರಡ ಸಲ ಮಿಲಿಟರಿ ದವಾಖಾನ್ಯಾಗ ಇಟ್ಕೊಂಡಿದ್ರು. ಕಾಗದ ಎಲ್ಲಾ ಟ್ರಂಕಿನ್ಯಾಗ ಇದ್ದೂರಿ, ಗೆದ್ದಲ ತಿಂದ್ಹೋದುವು" ಎಂದರು. ಕಾಗದ ಹೋಯಿತೆಂದರೆ ಎಲ್ಲವೂ ಹೋಯಿತೆಂದೇ ಅವರು ಮೂರು ದಶಕಗಳ ಕಾಲ ನಂಬಿ ಕುಳಿತಿದ್ದರು.

ಅವರ ನಂಬಿಕೆ ಸರಿಯಲ್ಲ. ಸೈನಿಕನ ಮನೆಯಲ್ಲಿರುವುದು ಬಹುತೇಕ ಪ್ರತಿ ಮಾತ್ರ. ಮೂಲವು ಸೇನೆಯ ಬಳಿ ಇರುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ ಭಾಗದ ನಮ್ಮ ಸದ್ಭಕ್ತರ ಮನೆಗಳಲ್ಲಿ ಸೈನ್ಯಕ್ಕೆ ಹೋಗಿ ಬಂದವರು ಅನೇಕರಿದ್ದಾರೆ. ಅವರಲ್ಲಿ ಬಹುಮಂದಿಗೆ ಈ ವಿಷಯ ತಿಳಿಯದು. ತಿಳಿದವರೂ "ಈಗ ಯಾರು ಕೇಳುತ್ತಾರೆ" ಎಂದು ಸುಮ್ಮನಿದ್ದಾರೆ. ಆದುದರಿಂದ ಈ ಸಂಚಿಕೆಯ ಆರೋಗ್ಯ ವಿಭಾಗವನ್ನು ಔಷಧಿ, ಪಥ್ಯಗಳಿಗೆ ಬದಲಾಗಿ ಕಾಗದಪತ್ರಗಳಿಗೆ ಮೀಸಲಿಡುತ್ತಿದ್ದೇವೆ.

ಸೈನಿಕನ ವೈದ್ಯಕೀಯ ದಾಖಲೆ ಆರಂಭವಾಗುವುದು ಭರ್ತಿಯ ದಿನದಂದೇ. ಅಂದು ನಡೆದ ಪರೀಕ್ಷೆಯಲ್ಲಿ ಕಣ್ಣು, ಕಿವಿ, ಹೃದಯ, ಎಲುಬು, ಹಲ್ಲು ಎಲ್ಲದರ ಸ್ಥಿತಿಯನ್ನು ಬರೆದಿಡುತ್ತಾರೆ. ಮುಂದೆ ಆಸ್ಪತ್ರೆಗೆ ಸೇರಿದಾಗಿನ ವಿವರಗಳು, ಗಾಯವಾದಾಗ ಘಟಕದಿಂದ ಬರೆಯುವ ಗಾಯದ ವರದಿ, ಕಾಲಕಾಲಕ್ಕೆ ಕೂಡುವ ವೈದ್ಯಕೀಯ ಮಂಡಳಿಯ ಅಭಿಪ್ರಾಯ, ಕೊನೆಗೆ ಸೇವೆಯಿಂದ ಬಿಡುಗಡೆಯಾಗುವಾಗಿನ ಪರೀಕ್ಷೆಯ ವರದಿ ಇವೆಲ್ಲ ಒಂದರ ಹಿಂದೆ ಒಂದು ಸೇರುತ್ತವೆ. ನಿವೃತ್ತ ಸೈನಿಕರ ಬಾಯಲ್ಲಿ "ಶೇಪ್ ಒನ್" ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಅದು ಐದು ಇಂಗ್ಲಿಷ್ ಅಕ್ಷರಗಳ ಸಂಕೇತ: ಎಸ್ ಎಂದರೆ ಮನಸ್ಸಿನ ಸ್ಥಿತಿ, ಎಚ್ ಎಂದರೆ ಶ್ರವಣ, ಎ ಎಂದರೆ ಕೈಕಾಲುಗಳು, ಪಿ ಎಂದರೆ ದೇಹದ ಒಟ್ಟು ಸಾಮರ್ಥ್ಯ, ಇ ಎಂದರೆ ದೃಷ್ಟಿ. ಎಲ್ಲವೂ ಸರಿಯಿದ್ದರೆ ಶೇಪ್ ಒನ್. ಒಂದರಲ್ಲಿ ಕೊರತೆ ಬಂದರೆ ಆ ಅಕ್ಷರದ ಮುಂದಿನ ಅಂಕಿ ಏರುತ್ತದೆ. ಸೇವೆಯ ನಡುವೆ ಈ ವರ್ಗ ಬದಲಾದಾಗ ಬರೆಯುವ ನಮೂನೆಗೆ ಎ.ಎಫ್.ಎಂ.ಎಸ್.ಎಫ್.-15 ಎಂದೂ, ನ್ಯೂನತೆಯೊಂದಿಗೆ ಸೇವೆ ಬಿಡುವಾಗಿನ ಮಂಡಳಿಯ ನಮೂನೆಗೆ ಎ.ಎಫ್.ಎಂ.ಎಸ್.ಎಫ್.-16 ಎಂದೂ ಹೆಸರು. ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅರ್ಜಿಯಲ್ಲಿ "ನನ್ನ ದವಾಖಾನೆ ಕಾಗದ ಕೊಡಿ" ಎಂದು ಬರೆಯುವುದಕ್ಕಿಂತ ನಮೂನೆಯ ಸಂಖ್ಯೆಯನ್ನು ಹೇಳಿ ಕೇಳಿದರೆ ಹುಡುಕುವವರಿಗೆ ಕೆಲಸ ಸುಲಭ.

ಈ ಹಳೆಯ ಕಾಗದಗಳು ವೈದ್ಯರಿಗೆ ಏಕೆ ಬೇಕು? ಎಪ್ಪತ್ತರ ವಯಸ್ಸಿನಲ್ಲಿ ಕಿವಿ ಮಂದವಾದರೆ ಸಾಮಾನ್ಯವಾಗಿ ವಯೋಸಹಜವೆಂದು ತಿಳಿಯುತ್ತೇವೆ. ಆದರೆ ಫಿರಂಗಿಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತವರ ಶ್ರವಣನಷ್ಟದ ರೀತಿಯೇ ಬೇರೆ. ಅದು ಮೊದಲು ತಾರಸ್ಥಾಯಿಯ ಧ್ವನಿಗಳನ್ನು ಕಸಿದುಕೊಳ್ಳುತ್ತದೆ. ಮೂವತ್ತು ವರ್ಷಗಳ ಹಿಂದಿನ ಶ್ರವಣ ಪರೀಕ್ಷೆಯ ನಕ್ಷೆಯನ್ನು ಇಂದಿನದರ ಪಕ್ಕದಲ್ಲಿಟ್ಟರೆ ನಷ್ಟ ಎಷ್ಟು ಹಳೆಯದು, ಎಷ್ಟು ಹೊಸದು, ಯಾವ ವೇಗದಲ್ಲಿ ಸಾಗುತ್ತಿದೆ ಎಂಬುದು ತಿಳಿಯುತ್ತದೆ. ತೊಡೆಯ ಎಲುಬಿಗೆ ಲೋಹದ ಪಟ್ಟಿ ಹಾಕಿಸಿಕೊಂಡವರಿಗೆ ಎಂ.ಆರ್.ಐ. ಮಾಡಿಸುವ ಮುನ್ನ ಆ ಲೋಹ ಯಾವುದು, ಹಾಕಿದ್ದು ಯಾವ ವರ್ಷ ಎಂದು ಕೇಳುತ್ತಾರೆ. "ಅದೇನೋ ಸ್ಟೀಲ್ ಹಾಕ್ಯಾರ್ರಿ" ಎಂಬ ಉತ್ತರ ಸಾಲದು. ಸಿಯಾಚಿನ್‌ನಂತಹ ಹಿಮಪ್ರದೇಶದಲ್ಲಿ ಕಾಲ್ಬೆರಳಿಗೆ ಹಿಮಗಾಯವಾಗಿದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬಂದರೆ ಆ ಪಾದಗಳನ್ನು ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ. ಎತ್ತರದ ಪ್ರದೇಶದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ ಕೆಳಗಿಳಿಸಿದ್ದ ಚರಿತ್ರೆ ಇದ್ದವರು ಕೇದಾರ, ಅಮರನಾಥ ಯಾತ್ರೆಗೆ ಹೊರಡುವ ಮುನ್ನ ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಯಾವ ಔಷಧಿ ಮೈಗೆ ಒಗ್ಗಲಿಲ್ಲ, ಯಾವಾಗ ರಕ್ತ ಕೊಟ್ಟಿದ್ದರು ಎಂಬುದನ್ನೂ ನೆನಪಿಗಿಂತ ಕಾಗದವೇ ನಂಬಿಕೆಯಿಂದ ಹೇಳುತ್ತದೆ.

ಎಸ್ ಅಕ್ಷರದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಸೇವಾಕಾಲದಲ್ಲಿ ಮಾನಸಿಕ ತೊಂದರೆಗೆ ಚಿಕಿತ್ಸೆ ಪಡೆದವರು ಆ ಕಾಗದಗಳನ್ನು ಮನೆಯವರಿಂದಲೂ ಮುಚ್ಚಿಡುವುದನ್ನು, ಕೆಲವರು ಸುಟ್ಟುಹಾಕಿರುವುದನ್ನೂ ಕಂಡಿದ್ದೇವೆ. ಗಡಿಯಲ್ಲಿ ಸಂಗಾತಿಯ ಸಾವನ್ನು ಕಣ್ಣಾರೆ ಕಂಡವನಿಗೆ ವರ್ಷಗಳ ನಂತರ ನಿದ್ರೆ ಕೆಟ್ಟರೆ ಅದು ಗಾಯವೇ ಹೊರತು ಕಳಂಕವಲ್ಲ. ಮುರಿದ ಕಾಲಿನ ಕಾಗದವನ್ನು ತೋರಿಸುವಷ್ಟೇ ಧೈರ್ಯದಿಂದ ಇದನ್ನೂ ವೈದ್ಯರಿಗೆ ತೋರಿಸಬಹುದು.

ಇನ್ನು ಅಂಗವೈಕಲ್ಯ ಪಿಂಚಣಿಯ ಮಾತು. ನ್ಯೂನತೆಯು ಸೈನಿಕ ಸೇವೆಯ ಕಾರಣದಿಂದ ಉಂಟಾಗಿರಬೇಕು ಇಲ್ಲವೆ ಸೇವೆಯಿಂದ ಉಲ್ಬಣಿಸಿರಬೇಕು. ಅದರ ಪ್ರಮಾಣ ಕನಿಷ್ಠ 20 ಪ್ರತಿಶತ ಇರಬೇಕು. ಇದನ್ನು ನಿರ್ಧರಿಸುವುದು ಬಿಡುಗಡೆಯ ಕಾಲದ ವೈದ್ಯಕೀಯ ಮಂಡಳಿಯ ವರದಿ. ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ ತಿಂಗಳಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಇಲ್ಲಿ ನೆನೆಯಬೇಕು. ಸಿಗ್ನಲ್ ದಳಕ್ಕೆ 1985ರಲ್ಲಿ ಸೇರಿದ ಆ ಸೈನಿಕರನ್ನು ಮೂರ್ಛೆರೋಗದ ಕಾರಣದಿಂದ 1994ರಲ್ಲಿ ಸೇವೆಯಿಂದ ಬಿಡಿಸಲಾಗಿತ್ತು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಮಂಡಳಿ ಬರೆದುದರಿಂದ ಪಿಂಚಣಿ ದೊರೆಯಲಿಲ್ಲ. ಭರ್ತಿಯ ಸಮಯದ ದಾಖಲೆಯಲ್ಲಿ ಆ ರೋಗದ ಉಲ್ಲೇಖವೇ ಇಲ್ಲದಿದ್ದರೆ ಸೈನಿಕನು ಆರೋಗ್ಯವಂತನಾಗಿಯೇ ಸೇವೆಗೆ ಸೇರಿದನೆಂದು ಭಾವಿಸಬೇಕು, ಸಂಬಂಧವಿಲ್ಲವೆಂದು ಹೇಳುವ ಮಂಡಳಿಯು ಅದಕ್ಕೆ ಕಾರಣವನ್ನು ಬರೆಯಬೇಕು ಎಂದು ನ್ಯಾಯಾಲಯ ಹೇಳಿತು. ಅಂದರೆ ಆ ವಾದವೆಲ್ಲ ನಿಂತದ್ದು ಎರಡು ಕಾಗದಗಳ ಮೇಲೆ: ಒಳಗೆ ಹೋಗುವಾಗಿನದು, ಹೊರಗೆ ಬರುವಾಗಿನದು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಾವಳಿ ಜಾರಿಗೆ ಬಂದಿದೆ. ಆ ಬಳಿಕ ಸೇವೆ ಬಿಟ್ಟವರು ಹಳಬರ ಪ್ರಕರಣಗಳನ್ನು ಯಥಾವತ್ತಾಗಿ ತಮಗೆ ಅನ್ವಯಿಸಿಕೊಳ್ಳದೆ, ಬಲ್ಲವರಿಂದ ಸಲಹೆ ಪಡೆಯುವುದು ಲೇಸು.

ಈಗ ದಾಖಲೆಗಳು ಇರುವ ಸ್ಥಳದ ವಿಚಾರಕ್ಕೆ ಬರೋಣ. ಭೂಸೇನೆಯಲ್ಲಿ ಎಲ್ಲರಿಗೂ ಒಂದೇ ಕಚೇರಿ ಇಲ್ಲ. ಪ್ರತಿಯೊಂದು ರೆಜಿಮೆಂಟಿಗೆ, ದಳಕ್ಕೆ ತನ್ನದೇ ದಾಖಲಾ ಕಚೇರಿ ಇರುತ್ತದೆ; ಸೈನಿಕರು ಅದನ್ನು "ರೆಕಾರ್ಡ್ಸ್" ಎನ್ನುತ್ತಾರೆ. ಮರಾಠಾ ಲಘು ಪದಾತಿದಳದ್ದು ನಮ್ಮ ಬೆಳಗಾವಿಯಲ್ಲಿಯೇ ಇದೆ. ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ತೋಪಖಾನೆಯದು ನಾಶಿಕ್ ರೋಡ್‌ನಲ್ಲಿ, ಸಿಗ್ನಲ್ ದಳದ್ದು ಜಬಲ್‌ಪುರದಲ್ಲಿ, ಇ.ಎಂ.ಇ. ದಳದ್ದು ಸಿಕಂದರಾಬಾದಿನಲ್ಲಿ, ಸೇನಾ ವೈದ್ಯಕೀಯ ದಳದ್ದು ಲಖನೌದಲ್ಲಿ. ವಾಯುಪಡೆಯ ಏರ್‌ಮನ್‌ಗಳಿಗೆ ಹೊಸದೆಹಲಿಯ ಸುಬ್ರತೊ ಪಾರ್ಕಿನಲ್ಲಿರುವ ದಾಖಲಾ ಕಚೇರಿ, ನೌಕಾಪಡೆಯ ನಾವಿಕರಿಗೆ ಮುಂಬಯಿಯ ಮಾನಖುರ್ದ್‌ನಲ್ಲಿರುವ ಬ್ಯೂರೊ ಆಫ್ ಸೇಲರ್ಸ್. ತಮ್ಮ ಡಿಸ್ಚಾರ್ಜ್ ಪುಸ್ತಕ ಇಲ್ಲವೆ ಪಿಂಚಣಿ ಆದೇಶಪತ್ರವನ್ನು ತೆರೆದು ನೋಡಿದರೆ ತಮ್ಮ ದಾಖಲಾ ಕಚೇರಿಯ ಹೆಸರು ಅದರಲ್ಲಿ ಕಾಣುತ್ತದೆ. ವೈದ್ಯಕೀಯ ಮಂಡಳಿಯ ವರದಿಗಳು ಈ ಕಚೇರಿಯಲ್ಲಿರುತ್ತವೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದಾಗಿನ ಚಿಕಿತ್ಸಾ ವಿವರಗಳಿಗೆ ಆ ಸೇನಾ ಆಸ್ಪತ್ರೆಗೇ ಪ್ರತ್ಯೇಕವಾಗಿ ಬರೆಯಬೇಕಾಗಬಹುದು. ಭೂಸೇನೆಯವರ ಅಂಗವೈಕಲ್ಯ ಪಿಂಚಣಿಯ ಕಡತವಿದ್ದರೆ ಅದು ಪ್ರಯಾಗರಾಜದ ರಕ್ಷಣಾ ಲೆಕ್ಕಪತ್ರಗಳ ಪಿಂಚಣಿ ಕಚೇರಿಗೂ ಹೋಗಿರುತ್ತದೆ. ಒಂದೆಡೆ ಸಿಗದಿದ್ದರೆ ಇನ್ನೊಂದೆಡೆ ಕೇಳಬಹುದು.

ಮೊದಲು ಸರಳವಾದ ಒಂದು ಪತ್ರ ಬರೆದರೆ ಸಾಕು. ದಾಖಲಾ ಕಚೇರಿಯ ಪ್ರಭಾರಿ ಅಧಿಕಾರಿಗೆ ಬರೆಯಬೇಕಾದ ಆ ಪತ್ರದಲ್ಲಿ ಸೈನ್ಯದ ಸಂಖ್ಯೆ, ಹುದ್ದೆ, ಹೆಸರು, ಭರ್ತಿಯಾದ ಮತ್ತು ಬಿಡುಗಡೆಯಾದ ದಿನಾಂಕ, ಕೊನೆಯ ಘಟಕ ಇವು ತಪ್ಪದೆ ಇರಲಿ. ಹೆಸರನ್ನು ಸೈನ್ಯದ ದಾಖಲೆಯಲ್ಲಿ ಇದ್ದಂತೆಯೇ ಬರೆಯಬೇಕು. ನಮ್ಮ ಕಡೆ ಊರಿನಲ್ಲಿ "ಬಸಪ್ಪ", ಸೈನ್ಯದಲ್ಲಿ "ಬಸವರಾಜ", ಆಧಾರಿನಲ್ಲಿ "ಬಸವರಾಜಪ್ಪ" ಎಂದಿರುವುದು ಅಪರೂಪವಲ್ಲ; ಎಷ್ಟೋ ಅರ್ಜಿಗಳು ಹೀಗೆ ಹೆಸರಿನ ಗೊಂದಲದಲ್ಲಿಯೇ ಹಿಂದಿರುಗಿವೆ. ಬೇಕಾದ ಕಾಗದಗಳನ್ನು ಒಂದೊಂದಾಗಿ ಹೆಸರಿಸಿ, ಗೊತ್ತಿದ್ದರೆ ಆಸ್ಪತ್ರೆಯ ಹೆಸರು ಮತ್ತು ವರ್ಷವನ್ನು ಬರೆದು, ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಗುರುತಿನ ಚೀಟಿಯ ನಕಲುಗಳನ್ನು ಜೋಡಿಸಿ, ಸ್ವಂತ ಸಹಿಯೊಂದಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ಮೂಲ ಪ್ರತಿಗಳನ್ನು ಯಾವ ಕಾರಣಕ್ಕೂ ಕಳಿಸಬಾರದು. ಅಂಚೆಯ ರಸೀದಿಯನ್ನು ಜೋಪಾನವಾಗಿಡಬೇಕು. ಬರೆಯುವುದು ಕಷ್ಟವೆನಿಸಿದವರು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋದರೆ ಅಲ್ಲಿ ಮಾರ್ಗದರ್ಶನ ಪಡೆಯಬಹುದು. ಕಾಗದ ತರಿಸಿಕೊಡುತ್ತೇವೆ, ಪಿಂಚಣಿ ಮಾಡಿಸಿಕೊಡುತ್ತೇವೆ, ಬಂದ ಬಾಕಿಯಲ್ಲಿ ಇಷ್ಟು ಪಾಲು ಕೊಡಿ ಎನ್ನುವ ಮಧ್ಯವರ್ತಿಗಳ ಬಳಿಗೆ ಹೋಗಬೇಡಿರಿ. ಅಂಚೆಯ ಖರ್ಚಿನಲ್ಲಿ ಆಗುವ ಕೆಲಸಕ್ಕೆ ಸಾವಿರಾರು ರೂಪಾಯಿ ತೆತ್ತವರನ್ನು ಕಂಡು ನಮಗೆ ಬಹಳ ಬೇಸರವಾಗಿದೆ.

ಪತ್ರಕ್ಕೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005 ಇದೆ. ಭೂಸೇನೆ, ನೌಕಾಪಡೆ, ವಾಯುಪಡೆಗಳು ಈ ಕಾಯಿದೆಯ ವ್ಯಾಪ್ತಿಗೆ ಒಳಪಟ್ಟಿವೆ. 10 ರೂಪಾಯಿಯ ಇಂಡಿಯನ್ ಪೋಸ್ಟಲ್ ಆರ್ಡರ್ ಜೋಡಿಸಿ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬೇಕು; ಕೇಂದ್ರ ಸರ್ಕಾರದ ಆನ್‌ಲೈನ್ ವ್ಯವಸ್ಥೆಯ ಮೂಲಕವೂ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನಗಳ ಗಡುವು. ನಕಲಿನ ಪ್ರತಿ ಪುಟಕ್ಕೆ 2 ರೂಪಾಯಿ. ಕಚೇರಿಗೇ ಹೋಗಿ ಕಡತವನ್ನು ನೋಡುವುದಾದರೆ ಮೊದಲ ಗಂಟೆ ಉಚಿತ. ಅರ್ಜಿಯಲ್ಲಿ "ನನಗೇಕೆ ಪಿಂಚಣಿ ಕೊಡಲಿಲ್ಲ" ಎಂದು ಕೇಳಿದರೆ ಪ್ರಯೋಜನವಾಗದು. ಇಂತಿಂಥ ಕಾಗದಗಳ ದೃಢೀಕೃತ ನಕಲು ಕೊಡಿ ಎಂದಷ್ಟೇ ಕೇಳಬೇಕು. ಕಾಯಿದೆ ಒದಗಿಸುವುದು ಇರುವ ಕಾಗದವನ್ನು, ವಾದಕ್ಕೆ ಉತ್ತರವನ್ನಲ್ಲ. ವೈಯಕ್ತಿಕ ಮಾಹಿತಿ ಎಂಬ ಕಾರಣದಿಂದ ನಿರಾಕರಿಸಿದರೆ, ಅದು ಬೇರೆಯವರದಲ್ಲ, ನನ್ನದೇ ದೇಹದ ಮಾಹಿತಿ ಎಂದು ತಿಳಿಸಿ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೆ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಮೊರೆ ಹೋಗಬಹುದು.

ಕಾಲವೂ ಇಲ್ಲಿ ಮುಖ್ಯ. ಪಿಂಚಣಿ ಇಲ್ಲದೆ ಸೇವೆ ಬಿಟ್ಟವರ ದಾಖಲೆಗಳನ್ನು ಭೂಸೇನೆಯಲ್ಲಿ 25 ವರ್ಷಗಳ ನಂತರ ನಾಶಪಡಿಸುವ ನಿಯಮವಿದೆ. ಪಿಂಚಣಿದಾರರ ದಾಖಲೆಗಳನ್ನು ಅದಕ್ಕಿಂತ ದೀರ್ಘಕಾಲ ಇಡುತ್ತಾರೆ. ನಾಲ್ಕೈದು ವರ್ಷ ಸೇವೆ ಮಾಡಿ ಕಾಯಿಲೆಯ ಕಾರಣದಿಂದ ಬರಿಗೈಯಲ್ಲಿ ಮರಳಿದವರಿಗೇ ಈ ಕಾಗದ ಎಲ್ಲರಿಗಿಂತ ಹೆಚ್ಚು ಬೇಕು, ಅವರದೇ ಎಲ್ಲರಿಗಿಂತ ಬೇಗ ನಾಶವಾಗುತ್ತದೆ. ಇದು ನಮಗೆ ನ್ಯಾಯವೆಂದು ತೋರುವುದಿಲ್ಲ; ಆದರೆ ನಿಯಮ ಹಾಗಿದೆ. ನಾಶವಾಗಿದೆ ಎಂಬ ಉತ್ತರ ಬಂದರೂ ಅದನ್ನು ಬರಹದಲ್ಲಿ ಪಡೆದು ಇಟ್ಟುಕೊಳ್ಳಬೇಕು. ದಾಖಲಾ ಕಚೇರಿಯ ಲಾಂಗ್ ರೋಲ್ ಎಂಬ ಹೆಸರಿನ ವಹಿಯಲ್ಲಿ ಸಂಕ್ಷಿಪ್ತ ವಿವರ ಉಳಿದಿರುವ ಸಂಭವವಿದೆ. ಅದರ ನಕಲನ್ನು ಕೇಳಬೇಕು. ಮನೆಯಲ್ಲಿರುವ ಡಿಸ್ಚಾರ್ಜ್ ಪುಸ್ತಕ, ಆಸ್ಪತ್ರೆಯಿಂದ ಬರೆದ ಹಳೆಯ ಪತ್ರ, ಅನಾರೋಗ್ಯ ರಜೆಯ ಚೀಟಿ ಇವೂ ಆಗ ಸಾಕ್ಷ್ಯಗಳೇ.

ಅಗ್ನಿಪಥ ಯೋಜನೆಯಡಿ ಸೇರಿದ ತರುಣರ ತಂದೆತಾಯಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. 2022ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಅಲ್ಲಿಗೇ ಬಿಡುವವರಿಗೆ ಪಿಂಚಣಿ ಇಲ್ಲ, ನಿವೃತ್ತ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆಯ ಸೌಲಭ್ಯವೂ ಇಲ್ಲ. ಸೇವೆಯ ಕಾರಣದಿಂದ ಅಂಗವೈಕಲ್ಯ ಉಂಟಾದರೆ ಅದರ ಪ್ರಮಾಣ 50, 75, 100 ಪ್ರತಿಶತ ಇದ್ದಂತೆ ಕ್ರಮವಾಗಿ 15, 25, 44 ಲಕ್ಷ ರೂಪಾಯಿಗಳ ಇಡಿಗಂಟು ಪರಿಹಾರವಿದೆ. ಇಲ್ಲಿಯೂ ಪ್ರಮಾಣವನ್ನು ಹೇಳುವುದು ವೈದ್ಯಕೀಯ ಮಂಡಳಿಯ ಕಾಗದವೇ. ಮಗ ಮನೆಗೆ ಬಂದ ಮೇಲೆ ಹುಡುಕುವ ಬದಲು, ಹೊರಡುವ ಮುನ್ನವೇ ತನ್ನ ಘಟಕದಲ್ಲಿ, ಆಸ್ಪತ್ರೆಯಲ್ಲಿ ನಕಲುಗಳನ್ನು ಕೇಳಿ ಪಡೆಯುವಂತೆ ಅವನಿಗೆ ಹೇಳಿರಿ. ಪರೀಕ್ಷೆಯ ದಿನ ಊರಿಗೆ ಹೋಗುವ ಆತುರದಲ್ಲಿ "ಏನೂ ತೊಂದರೆ ಇಲ್ಲ" ಎಂದು ಸಹಿ ಹಾಕುವ ಅಭ್ಯಾಸ ನಮ್ಮ ಹುಡುಗರಲ್ಲಿ ಬಹಳವಾಗಿದೆ. ಮೊಣಕಾಲು ನೋಯುತ್ತಿದ್ದರೆ ನೋಯುತ್ತಿದೆ ಎಂದೇ ಬರೆಸಬೇಕು.

ಸೈನಿಕರು ಲಿಂಗೈಕ್ಯರಾಗಿದ್ದರೆ ಅವರ ಪತ್ನಿಯು ಕುಟುಂಬ ಪಿಂಚಣಿಯ ಆದೇಶ ಮತ್ತು ಮರಣ ಪ್ರಮಾಣಪತ್ರದ ನಕಲಿನೊಂದಿಗೆ ಇದೇ ಕ್ರಮದಲ್ಲಿ ಅರ್ಜಿ ಸಲ್ಲಿಸಬಹುದು. ಸೇವೆಯ ಕಾಲದ ರೋಗವೇ ಮರಣಕ್ಕೆ ಕಾರಣವಾಗಿದ್ದಲ್ಲಿ ಪಿಂಚಣಿಯ ದರ ಬೇರೆಯಾಗಬಹುದು. ನಮ್ಮ ತಾಯಂದಿರು "ಅವರೇ ಹೋದ ಮೇಲೆ ಕಾಗದ ಏನು ಮಾಡೋದು" ಎನ್ನುತ್ತಾರೆ. ಬಂದುದನ್ನು ಪಡೆಯುವುದು ಅವರ ಹಕ್ಕು.

ನಿವೃತ್ತಿಯ ನಂತರ ಪಾಲಿಕ್ಲಿನಿಕ್ಕಿನಿಂದ ಕಳಿಸಿದ ಖಾಸಗಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದವರು ಆ ದಾಖಲೆಗಳನ್ನೂ ಬಿಡಬಾರದು. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ರೋಗಿಯು ಕೇಳಿದ 72 ಗಂಟೆಗಳಲ್ಲಿ ದಾಖಲೆಗಳನ್ನು ಕೊಡಬೇಕು. ಆದರೆ ಒಳರೋಗಿಯ ದಾಖಲೆಯನ್ನು ಇಡಬೇಕಾದ ಅವಧಿ 3 ವರ್ಷ ಮಾತ್ರ.

ಶಿಬಿರಕ್ಕೆ ಬಂದಿದ್ದ ಹವಾಲ್ದಾರರ ಮೊಮ್ಮಗ ಅಂದೇ ಸಂಜೆ ದಾಸೋಹ ಮುಗಿಸಿಕೊಂಡು ನಮ್ಮೊಡನೆ ಕುಳಿತು ನಾಶಿಕ್ ರೋಡಿನ ದಾಖಲಾ ಕಚೇರಿಗೆ ಪತ್ರ ಬರೆದನು. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಬಂದಿತು: ಒಂಬತ್ತು ಪುಟ, ಹದಿನೆಂಟು ರೂಪಾಯಿ. ಬಿಡುಗಡೆಯ ವೇಳೆಗೇ ಎಡಗಿವಿಯ ಶ್ರವಣ ತಗ್ಗಿತ್ತೆಂದು ಅದರಲ್ಲಿ ಬರೆದಿದೆ. ಆ ಪುಟಗಳನ್ನು ಹಿಡಿದುಕೊಂಡು ಅವರು ಪಾಲಿಕ್ಲಿನಿಕ್ಕಿಗೆ ಹೋದರು, ಕಿವಿಯ ಹೊಸ ಪರೀಕ್ಷೆಯಾಯಿತು, ಶ್ರವಣ ಸಾಧನಕ್ಕೆ ಶಿಫಾರಸು ದೊರೆಯಿತು. ಪಿಂಚಣಿಯ ಮನವಿ ಇನ್ನೂ ವಿಚಾರಣೆಯಲ್ಲಿದೆ. ಮೂಲ ನಕಲನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಗೋಡೆಯ ಕಪಾಟಿನ ಮೇಲಿನ ಖಾನೆಗೆ ಸೇರಿಸಿದ್ದಾರೆ, ಇನ್ನೊಂದು ಪ್ರತಿ ಮಗಳ ಮನೆಯಲ್ಲಿದೆ, ಮತ್ತೊಂದು ಮೊಮ್ಮಗನ ಮೊಬೈಲಿನಲ್ಲಿದೆ. ಟ್ರಂಕನ್ನು ಈಗ ಜೋಳದ ಚೀಲ ಇಡುವುದಕ್ಕೆ ಬಳಸುತ್ತಿದ್ದಾರಂತೆ.